ಮನೆಯಲ್ಲಿ ಶಿಶುಪಾಲನಾ ಕೇಂದ್ರ ನಡೆಸುವವರು ಕೆಲಸದ ವೇಳೆಯನ್ನು ನಿಗದಿಪಡಿಸಿಕೊಳ್ಳುವ ಬಗ್ಗೆ ಸಾರ್ವಜನಿಕ ಮಾಹಿತಿ

ದುಡಿಯುವ ತಾಯಂದಿರ ಮಕ್ಕಳನ್ನು ಹಗಲಿನ ವೇಳೆಯಲ್ಲಿ ತಮ್ಮ ವಾಸದ ಮನೆಯಲ್ಲಿಯೇ ಇರಿಸಿಕೊಂಡು, ಶುಲ್ಕ ಪಡೆದು ನೋಡಿಕೊಳ್ಳುವ ಕೆಲಸವನ್ನು ಜನಬಳಕೆಯಲ್ಲಿ ಡೇ ಕೇರ್ ಅಥವಾ ಬೇಬಿ ಸಿಟ್ಟಿಂಗ್ ಎಂದು ಕರೆಯಲಾಗುತ್ತದೆ. ಇಲ್ಲಿ ಅಂತಹ ಮನೆಯನ್ನು ಗೃಹ ಶಿಶುಪಾಲನಾ ಕೇಂದ್ರವೆಂದೂ, ಅದನ್ನು ನಡೆಸುವವರನ್ನು ಶಿಶುಪಾಲಕಿ ಎಂದೂ ಕರೆಯಲಾಗಿದೆ. ಉದ್ಯಮ್ ನೋಂದಣಿ ಮಾಡಿಸಿಕೊಳ್ಳುವವರು, ಮುದ್ರಾ ಅಥವಾ ಉದ್ಯೋಗಿನಿ ಯೋಜನೆಯಡಿ ಸಾಲಕ್ಕೆ ಅರ್ಜಿ ಸಲ್ಲಿಸುವವರು ತಮ್ಮ ಯೋಜನಾ ವರದಿಯಲ್ಲಿ ಮಕ್ಕಳ ಸಂಖ್ಯೆ, ಶುಲ್ಕ ಮತ್ತು ಖರ್ಚುಗಳನ್ನು ಎಚ್ಚರಿಕೆಯಿಂದ ಲೆಕ್ಕ ಹಾಕಿ, ವೇಳೆಯ ವಿಷಯ ಬಂದಾಗ ಮಾತ್ರ "ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ" ಎಂದು ಬರೆದುಬಿಡುವುದು ಸುಲಭ. ಆದರೆ ಕೇಂದ್ರವು ಎರಡು ವರ್ಷಗಳ ನಂತರವೂ ನಡೆಯುತ್ತಿರುತ್ತದೆಯೇ ಎಂಬುದು ಬಹುಮಟ್ಟಿಗೆ ಈ ಒಂದು ಸಾಲನ್ನೇ ಅವಲಂಬಿಸಿರುತ್ತದೆ. ಆದ್ದರಿಂದ ಅರ್ಜಿ ಸಲ್ಲಿಸುವ ಮೊದಲೇ ಈ ಕೆಳಕಂಡ ಅಂಶಗಳನ್ನು ಗಮನಿಸುವುದು ಸೂಕ್ತ.

ಮೂರು ಬಗೆಯ ವೇಳೆ

ಕೇಂದ್ರದ ವೇಳೆ ಎಂಬ ಒಂದೇ ಮಾತಿನಲ್ಲಿ ಮೂರು ಬೇರೆ ಬೇರೆ ಲೆಕ್ಕಗಳು ಅಡಗಿವೆ. ಒಂದು ಮಗು ದಿನಕ್ಕೆ ಎಷ್ಟು ಗಂಟೆ ಕೇಂದ್ರದಲ್ಲಿ ಇರುತ್ತದೆ ಎಂಬುದು ಮೊದಲನೆಯದು. ಮೊದಲ ಮಗು ಬಂದಾಗಿನಿಂದ ಕೊನೆಯ ಮಗು ಹೋಗುವವರೆಗೆ ಕೇಂದ್ರ ಎಷ್ಟು ಗಂಟೆ ತೆರೆದಿರುತ್ತದೆ ಎಂಬುದು ಎರಡನೆಯದು. ಶಿಶುಪಾಲಕಿಯು ಒಟ್ಟು ಎಷ್ಟು ಗಂಟೆ ದುಡಿಯುತ್ತಾಳೆ ಎಂಬುದು ಮೂರನೆಯದು. ತಾಯಂದಿರು ಕೇಳುವುದು ಮೊದಲನೆಯದನ್ನು, ಬಾಗಿಲ ಮೇಲೆ ಬರೆಯುವುದು ಎರಡನೆಯದನ್ನು. ಮೂರನೆಯದನ್ನು ಯಾರೂ ಕೇಳುವುದಿಲ್ಲ, ಯಾರೂ ಬರೆಯುವುದೂ ಇಲ್ಲ. ಕಷ್ಟಗಳೆಲ್ಲ ಹುಟ್ಟುವುದು ಅಲ್ಲಿಂದಲೇ.

ಉದಾಹರಣೆಗೆ, ಐದು ಮಕ್ಕಳಿರುವ ಒಂದು ಕೇಂದ್ರವನ್ನು ತೆಗೆದುಕೊಳ್ಳಬಹುದು. ಯಾವ ಮಗುವೂ ಎಂಟು ಗಂಟೆಗಿಂತ ಹೆಚ್ಚು ಕಾಲ ಅಲ್ಲಿರುವುದಿಲ್ಲ. ಆದರೆ ಒಂದು ಮಗು ಬೆಳಿಗ್ಗೆ 8ಕ್ಕೆ ಬಂದು ಸಂಜೆ 4ಕ್ಕೆ ಹೋಗುತ್ತದೆ. ಮತ್ತೊಂದು 11ಕ್ಕೆ ಬಂದು 7ಕ್ಕೆ ಹೋಗುತ್ತದೆ. ಹೀಗೆ ಪ್ರತಿ ಮಗುವಿನ ಪಾಲಿಗೆ ಎಂಟೇ ಗಂಟೆಯಾದರೂ ಕೇಂದ್ರ ತೆರೆದಿರುವುದು ಹನ್ನೊಂದು ಗಂಟೆ. ಮಕ್ಕಳು ಬರುವ ಮೊದಲು ನೆಲ ಒರೆಸಿ, ನೀರು ಕಾಯಿಸಿ, ಗಂಜಿ ಅಥವಾ ರಾಗಿ ಸರಿ ಮಾಡಿಡಲು ಮುಕ್ಕಾಲು ಗಂಟೆ ಬೇಕು. ಹೋದ ಮೇಲೆ ಬಟ್ಟೆ, ಪಾತ್ರೆ, ಆಟಿಕೆಗಳನ್ನು ತೊಳೆದಿಡಲು ಇನ್ನೊಂದು ಮುಕ್ಕಾಲು ಗಂಟೆ. ಒಟ್ಟು ದುಡಿಮೆ ಹನ್ನೆರಡೂವರೆ ಗಂಟೆ. ವಾರಕ್ಕೆ ಐದು ದಿನವೆಂದರೂ ಇದು ಅರವತ್ತೆರಡೂವರೆ ಗಂಟೆಯಾಗುತ್ತದೆ.

ಇದರ ಮೇಲೆ ಶಿಶುಪಾಲಕಿಗೆ ತನ್ನ ಸ್ವಂತ ಸಂಸಾರವೂ ಇದೆ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ವೇತನವಿಲ್ಲದ ಮನೆಗೆಲಸದಲ್ಲಿ ತೊಡಗಿದ ಮಹಿಳೆಯರು ಅದಕ್ಕಾಗಿ ದಿನಕ್ಕೆ ಸರಾಸರಿ 289 ನಿಮಿಷ, ಪುರುಷರು 88 ನಿಮಿಷ ವ್ಯಯಿಸುತ್ತಾರೆ. 289 ನಿಮಿಷವೆಂದರೆ ಐದು ಗಂಟೆಗೆ ಹನ್ನೊಂದು ನಿಮಿಷ ಕಡಿಮೆ. ಮೇಲಿನ ಹನ್ನೆರಡೂವರೆ ಗಂಟೆಗೆ ಇದನ್ನು ಕೂಡಿಸಿದರೆ ನಿದ್ರೆ, ಸ್ನಾನ, ಊಟ ಎಲ್ಲಕ್ಕೂ ಸೇರಿ ಉಳಿಯುವುದು ಏಳು ಗಂಟೆಗಿಂತ ಕಡಿಮೆ. ಕೆಲಸದ ಸ್ಥಳ ಮನೆಯೇ ಆದುದರಿಂದ ಎರಡೂ ಒಟ್ಟಿಗೆ ಸಾಗುತ್ತವೆ ಎಂಬ ಭಾವನೆ ಸರಿಯಲ್ಲ. ಮನೆಮಂದಿಯ ಸಾರು ಒಲೆಯ ಮೇಲಿರುವಾಗ ತೆವಳುವ ಮಗುವಿನ ಮೇಲೆ ಪೂರ್ಣ ಗಮನ ಇರುವುದು ಸಾಧ್ಯವಿಲ್ಲ. ಶಿಶುಪಾಲಕಿಯ ಆಯಾಸ ಕೇವಲ ಆಕೆಯ ಸ್ವಂತ ವಿಷಯವಲ್ಲ. ಸಂಜೆಯ ಹೊತ್ತಿಗೆ ಅದು ಮಕ್ಕಳ ಸುರಕ್ಷತೆಯ ವಿಷಯವಾಗುತ್ತದೆ.

ಅಳತೆಗೆ ದೊರೆಯುವ ಆಧಾರಗಳು

ತನ್ನ ಮನೆಯಲ್ಲಿ ತಾನೇ ದುಡಿಯುವ ಮಹಿಳೆಗೆ ವೇಳೆ ನಿಗದಿಪಡಿಸಲು ಮಾಲೀಕನಿರುವುದಿಲ್ಲ, ಆಕೆಯೇ ನಿಗದಿಪಡಿಸಿಕೊಳ್ಳಬೇಕಾಗುತ್ತದೆ. ಆದರೂ ಹೋಲಿಕೆಗೆ ಆಧಾರಗಳಿವೆ. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂಬ ಮಿತಿಯನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು 1919ರ ತನ್ನ ಮೊದಲ ಒಡಂಬಡಿಕೆಯಲ್ಲಿಯೇ ಕೈಗಾರಿಕಾ ಕಾರ್ಮಿಕರಿಗೆ ವಿಧಿಸಿತು. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮವು 1961ರಲ್ಲಿ ರೂಪುಗೊಂಡಾಗಲೂ ವಾರದ ಮಿತಿಯನ್ನು 48 ಗಂಟೆಯೆಂದೇ ಇರಿಸಿತ್ತು. ಸ್ವಂತ ಉದ್ಯೋಗದ ಶಿಶುಪಾಲಕಿಯು ಈ ಅಂಕಿಯನ್ನು ತನ್ನ ಒಟ್ಟು ದುಡಿಮೆಯ ಮೇಲ್ಮಿತಿಯೆಂದು ಇಟ್ಟುಕೊಳ್ಳುವುದು ಸಮಂಜಸ.

ಸರ್ಕಾರದ ನೆರವಿನಿಂದ ನಡೆಯುವ ಶಿಶುಪಾಲನಾ ಕೇಂದ್ರಗಳ ವೇಳೆಯೂ ಗಮನಾರ್ಹ. 2022ರಲ್ಲಿ ಮಿಷನ್ ಶಕ್ತಿಯ ಅಡಿಯಲ್ಲಿ ಸೇರ್ಪಡೆಯಾದ ಪಾಲ್ನಾ ಯೋಜನೆಯ ಮಾರ್ಗಸೂಚಿಯಂತೆ 6 ತಿಂಗಳಿಂದ 6 ವರ್ಷದವರೆಗಿನ ಮಕ್ಕಳಿಗಾಗಿ ಕೇಂದ್ರವು ತಿಂಗಳಿಗೆ 26 ದಿನ, ದಿನಕ್ಕೆ ಏಳೂವರೆ ಗಂಟೆ ತೆರೆದಿರತಕ್ಕದ್ದು. ಆ ಏಳೂವರೆ ಗಂಟೆ ಯಾವಾಗಿನಿಂದ ಯಾವಾಗ ಎಂಬುದನ್ನು ಆ ಪ್ರದೇಶದ ಬಹುಪಾಲು ತಾಯಂದಿರ ಕೆಲಸದ ವೇಳೆಗೆ ಹೊಂದಿಸಿಕೊಳ್ಳಬೇಕು. ಅಂದರೆ ಗಂಟೆಗಳ ಸಂಖ್ಯೆ ಸ್ಥಿರ, ಆರಂಭದ ಹೊತ್ತು ಮಾತ್ರ ಹೊಂದಾಣಿಕೆಗೆ ಒಳಪಟ್ಟದ್ದು. ಖಾಸಗಿಯಾಗಿ ಮನೆಯಲ್ಲಿ ನಡೆಸುವವರೂ ಈ ಕ್ರಮವನ್ನು ಅನುಸರಿಸಬಹುದು. ಅಲ್ಲಿ ಕಾರ್ಯಕರ್ತೆಯ ಜೊತೆಗೆ ಸಹಾಯಕಿಯೂ ಇರುತ್ತಾರೆ ಎಂಬುದನ್ನು ಮಾತ್ರ ಮರೆಯಬಾರದು. ವಾರಕ್ಕೆ ಆರು ದಿನದಂತೆ 45 ಗಂಟೆ ಕೇಂದ್ರ ತೆರೆದಿಡುವುದು ಇಬ್ಬರಿಗೆ ಸಾಧ್ಯ. ಒಬ್ಬರೇ ಇದ್ದಲ್ಲಿ, ಮೊದಲಿನ ಮತ್ತು ನಂತರದ ಒಂದೂವರೆ ಗಂಟೆಯನ್ನು ಸೇರಿಸಿದರೆ ಅದು 54 ಆಗುತ್ತದೆ. ಒಬ್ಬರೇ ನಡೆಸುವ ಕೇಂದ್ರವು ಐದು ದಿನ ಬೆಳಿಗ್ಗೆ 9ರಿಂದ ಸಂಜೆ 4.30ರವರೆಗೆ ತೆರೆದಿದ್ದರೆ ದುಡಿಮೆ ವಾರಕ್ಕೆ 45 ಗಂಟೆ. ಶನಿವಾರ ಸಾಮಾನು ಖರೀದಿ ಹಾಗೂ ಲೆಕ್ಕಪತ್ರಕ್ಕೆ ಮೂರು ಗಂಟೆ ಉಳಿಯುತ್ತದೆ.

ತಾಯಿಯ ದಿನವೂ ಲೆಕ್ಕದಲ್ಲಿರಬೇಕು

ಸಂಜೆ 4.30ಕ್ಕೆ ಮುಚ್ಚುವ ಕೇಂದ್ರದಿಂದ ದುಡಿಯುವ ತಾಯಿಗೆ ಪ್ರಯೋಜನವೇನು ಎಂಬ ಪ್ರಶ್ನೆ ಸಹಜ. ಪೀಣ್ಯದ ಸಿದ್ಧ ಉಡುಪು ಕಾರ್ಖಾನೆಯಲ್ಲಿ ಬೆಳಿಗ್ಗೆ 9ರಿಂದ ಸಂಜೆ 5.30ರವರೆಗೆ ಕೆಲಸ ಮಾಡುವ ತಾಯಿಯೊಬ್ಬರಿಗೆ ಹೋಗಲು ಮುಕ್ಕಾಲು ಗಂಟೆ, ಬರಲು ಮುಕ್ಕಾಲು ಗಂಟೆ ಬೇಕೆಂದು ಭಾವಿಸಿದರೆ, ಮಗುವನ್ನು 8.15ಕ್ಕೆ ಬಿಟ್ಟು 6.15ಕ್ಕೆ ಕರೆದೊಯ್ಯಬೇಕು. ಅದು ಪೂರ್ತಿ ಹತ್ತು ಗಂಟೆ. ವೈಟ್‌ಫೀಲ್ಡ್ ಅಥವಾ ಎಲೆಕ್ಟ್ರಾನಿಕ್ ಸಿಟಿಯ ಕಚೇರಿಗೆ ಊರಿನ ಇನ್ನೊಂದು ತುದಿಯಿಂದ ಹೋಗುವವರಿಗೆ ಮಳೆ ಬಂದ ಸಂಜೆ ಹತ್ತು ಗಂಟೆಯೂ ಸಾಲದು. ಶಿಶುಪಾಲಕಿ ಏಳೂವರೆ ಗಂಟೆ ನೀಡಬಲ್ಲಳು, ತಾಯಿಗೆ ಹತ್ತು ಗಂಟೆ ಬೇಕು. ಈ ಎರಡೂವರೆ ಗಂಟೆಯ ಅಂತರವನ್ನು ಯಾರು ತುಂಬಬೇಕು ಎಂಬುದನ್ನು ಮಗುವನ್ನು ಸೇರಿಸಿಕೊಳ್ಳುವ ದಿನವೇ ಕುಳಿತು ಮಾತನಾಡತಕ್ಕದ್ದು. ಮಾತನಾಡದೆ ಬಿಟ್ಟಲ್ಲಿ ಅದನ್ನು ಶಿಶುಪಾಲಕಿಯೇ ತುಂಬುತ್ತಾಳೆ.

ಮಗುವಿನ ತಂದೆಯ ಕೆಲಸದ ವೇಳೆ ಬೇರೆಯಿದ್ದಲ್ಲಿ ಬೆಳಿಗ್ಗೆ ಬಿಡುವುದು ಅಥವಾ ಸಂಜೆ ಕರೆದೊಯ್ಯುವುದು ಅವರ ಪಾಲಾಗಬಹುದು. ಈ ಪ್ರಶ್ನೆಯನ್ನು ಕೇಳಲು ಶಿಶುಪಾಲಕಿಯರು ಸಂಕೋಚಪಡುವ ಅಗತ್ಯವಿಲ್ಲ. ದಾಖಲಾತಿ ನಮೂನೆಯಲ್ಲಿ ತಾಯಿಯ ಕೆಲಸದ ವೇಳೆಯ ಪಕ್ಕದಲ್ಲಿಯೇ ತಂದೆಯ ಕೆಲಸದ ವೇಳೆಗೂ ಒಂದು ಅಂಕಣ ಇಟ್ಟರೆ ಸಾಕು. ಅಜ್ಜಿ, ತಾತ ಅಥವಾ ನೆರೆಯವರು ಕರೆದೊಯ್ಯುವುದಾದರೆ ಅವರ ಹೆಸರು, ದೂರವಾಣಿ ಸಂಖ್ಯೆ ಮತ್ತು ಭಾವಚಿತ್ರವನ್ನು ಮೊದಲೇ ಪಡೆದಿರಬೇಕು. ಪಟ್ಟಿಯಲ್ಲಿಲ್ಲದವರು ಎಷ್ಟೇ ಪರಿಚಿತರಾಗಿದ್ದರೂ ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಒಪ್ಪಿಸಕೂಡದು.

ಕೇಂದ್ರವು ಹತ್ತು ಗಂಟೆ ತೆರೆದಿರಲೇಬೇಕಾದಲ್ಲಿ ಎರಡನೆಯ ವ್ಯಕ್ತಿ ಅನಿವಾರ್ಯ. ಉದ್ಯೋಗದ ಸ್ಥಳಗಳಲ್ಲಿನ ಶಿಶುಪಾಲನಾ ಕೇಂದ್ರಗಳಿಗಾಗಿ 2018ರಲ್ಲಿ ಹೊರಬಂದ ರಾಷ್ಟ್ರೀಯ ಕನಿಷ್ಠ ಮಾರ್ಗಸೂಚಿಗಳು ದಿನಕ್ಕೆ 8ರಿಂದ 10 ಗಂಟೆಯ ವೇಳೆಯನ್ನು ಸೂಚಿಸಿ, ಅದಕ್ಕೂ ಹೆಚ್ಚಾದಲ್ಲಿ ಸಿಬ್ಬಂದಿಗೆ ಪಾಳಿ ಇರಬೇಕೆಂದು ತಿಳಿಸಿದ್ದವು. ಮನೆಯ ಕೇಂದ್ರದಲ್ಲಿ ಇದನ್ನು ಸರಳವಾಗಿ ಮಾಡಬಹುದು. ನಂಬಿಕಸ್ಥ, ತರಬೇತಾದ ಸಹಾಯಕಿಯು ಬೆಳಿಗ್ಗೆ 8ರಿಂದ ಮಧ್ಯಾಹ್ನ 2ರವರೆಗೆ, ಶಿಶುಪಾಲಕಿಯು 10.30ರಿಂದ ಸಂಜೆ 6.30ರವರೆಗೆ ಹೊಣೆ ವಹಿಸಿಕೊಂಡರೆ ಊಟ ಮತ್ತು ನಿದ್ರೆಯ ಹೊತ್ತಿನಲ್ಲಿ ಇಬ್ಬರೂ ಇರುತ್ತಾರೆ. ಬೆಳಗಿನ ಪಾಳಿಯನ್ನು ಸಹಾಯಕಿಗೆ ವಹಿಸಿ ಸಂಜೆಯದನ್ನು ಶಿಶುಪಾಲಕಿಯೇ ಇಟ್ಟುಕೊಳ್ಳುವುದಕ್ಕೆ ಕಾರಣವಿದೆ. ವೇಳೆಯ ತಕರಾರು ಬರುವುದು ಸಂಜೆ. "ನಾಳೆಯಿಂದ ಸರಿಯಾಗಿ ಬನ್ನಿ" ಎಂದು ಪೋಷಕರಿಗೆ ಹೇಳುವ ಅಧಿಕಾರ ಸಹಾಯಕಿಗೆ ಇರುವುದಿಲ್ಲ. ಸಹಾಯಕಿಯ ವೇತನ ಮತ್ತು ವಾರದ ರಜೆಯ ಖರ್ಚನ್ನು ಶುಲ್ಕ ನಿಗದಿಪಡಿಸುವಾಗಲೇ ಸೇರಿಸಿಕೊಳ್ಳಬೇಕು. ಅದನ್ನು ಸೇರಿಸದೆ ಕಡಿಮೆ ಶುಲ್ಕಕ್ಕೆ ಹತ್ತು ಗಂಟೆ ಒಪ್ಪಿಕೊಂಡವರು ಕೆಲವೇ ತಿಂಗಳಲ್ಲಿ ಒಬ್ಬರೇ ಉಳಿಯುತ್ತಾರೆ.

ಮಗುವಿನ ನಿದ್ರೆಯಿಂದ ತಿಳಿಯುವ ಮಿತಿ

ಪೋಷಕರು ಮತ್ತು ಶಿಶುಪಾಲಕಿ ಇಬ್ಬರೂ ಒಪ್ಪಿದರೂ ಮಗುವಿನ ದಿನಕ್ಕೆ ತನ್ನದೇ ಮಿತಿಯಿದೆ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯಂತೆ 4ರಿಂದ 11 ತಿಂಗಳ ಶಿಶುವಿಗೆ ಹಗಲು ನಿದ್ರೆಯೂ ಸೇರಿ ದಿನಕ್ಕೆ 12ರಿಂದ 16 ಗಂಟೆ, 1ರಿಂದ 2 ವರ್ಷದ ಮಗುವಿಗೆ 11ರಿಂದ 14 ಗಂಟೆ, 3ರಿಂದ 4 ವರ್ಷದ ಮಗುವಿಗೆ 10ರಿಂದ 13 ಗಂಟೆ ನಿದ್ರೆ ಬೇಕು. ಎರಡು ವರ್ಷದ ಮಗುವನ್ನು ರಾತ್ರಿ 7.30ಕ್ಕೆ ಕರೆದೊಯ್ದರೆ, ಮನೆ ಸೇರಿ ಉಂಡು ಮಲಗುವಾಗ 9.30 ಆಗುತ್ತದೆ. ಬೆಳಿಗ್ಗೆ 6.30ಕ್ಕೆ ಎಬ್ಬಿಸಿದರೆ ರಾತ್ರಿಯ ನಿದ್ರೆ ಒಂಬತ್ತು ಗಂಟೆ. ಹಗಲಿನಲ್ಲಿ ಎರಡು ಗಂಟೆ ಮಲಗಿದರೂ ಒಟ್ಟು ಹನ್ನೊಂದು, ಅಂದರೆ ಕನಿಷ್ಠ ಮಟ್ಟ. ಹಗಲು ನಿದ್ರೆ ತಪ್ಪಿದ ದಿನ ಅದೂ ಇಲ್ಲ. ಆದ್ದರಿಂದ ಸಂಜೆ 6.30ರ ನಂತರ ಚಿಕ್ಕ ಮಕ್ಕಳನ್ನು ಇಟ್ಟುಕೊಳ್ಳದಿರುವುದು ಒಳ್ಳೆಯದು. ಮಗು ಹೇಗೂ ಟಿ.ವಿ. ನೋಡುತ್ತಾ ಕುಳಿತಿರುತ್ತದೆ ಎಂದು ವೇಳೆಯನ್ನು ಮುಂದೂಡುವುದು ಸರಿಯಲ್ಲ. ಅದೇ ಮಾರ್ಗಸೂಚಿಯು ಎರಡು ವರ್ಷ ತುಂಬದ ಮಕ್ಕಳಿಗೆ ಪರದೆಯ ವೀಕ್ಷಣೆಯೇ ಬೇಡವೆಂದೂ, ನಂತರ ಐದು ವರ್ಷದವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದೆಂದೂ ತಿಳಿಸುತ್ತದೆ.

ಎಳೆಯ ಶಿಶುಗಳ ವಿಷಯದಲ್ಲಿ ಇನ್ನೂ ಒಂದು ಮಾತು. ಮೊದಲ ಎರಡು ಹೆರಿಗೆಗಳಿಗೆ ತಾಯಂದಿರಿಗೆ ದೊರೆಯುವ ಹೆರಿಗೆ ರಜೆಯು 2017ರ ತಿದ್ದುಪಡಿಯಿಂದ 26 ವಾರಗಳಾಯಿತು. ಅದರಲ್ಲಿ 8 ವಾರಗಳವರೆಗೆ ಹೆರಿಗೆಗೆ ಮೊದಲೇ ಪಡೆಯಲು ಅವಕಾಶವಿದೆ. ಹಾಗೆ ಪಡೆದ ತಾಯಿಯು ಮಗುವಿಗೆ 18 ವಾರ, ಅಂದರೆ ನಾಲ್ಕು ತಿಂಗಳು ಕಳೆಯುತ್ತಿದ್ದಂತೆ ಕೆಲಸಕ್ಕೆ ಮರಳಬೇಕಾಗುತ್ತದೆ. ಇಷ್ಟು ಎಳೆಯ ಕೂಸಿಗೆ ಆಗಾಗ್ಗೆ ಹಾಲುಣಿಸಬೇಕು, ಎತ್ತಿಕೊಂಡಿರಬೇಕು. ಒಬ್ಬರೇ ಇರುವ ಕೇಂದ್ರದಲ್ಲಿ ಅಂತಹ ಒಂದು ಕೂಸನ್ನು ಸೇರಿಸಿಕೊಂಡಲ್ಲಿ ಉಳಿದ ಮಕ್ಕಳ ಸಂಖ್ಯೆಯನ್ನು ಕಡಿಮೆ ಮಾಡಬೇಕು, ಇಲ್ಲವೇ ಮೊದಲ ಕೆಲವು ವಾರ ಅರ್ಧ ದಿನಕ್ಕೆ ಮಾತ್ರ ಒಪ್ಪಿಕೊಳ್ಳಬೇಕು.

ವೇಳೆ ಮೀರಿದಾಗ

ನಿಗದಿಯಾದ ವೇಳೆಯು ಕೆಡುವುದು ಒಮ್ಮೆಲೇ ಅಲ್ಲ, ದಾಕ್ಷಿಣ್ಯದಿಂದ. "ಅಕ್ಕಾ, ಇವತ್ತೊಂದು ದಿನ, ಬಸ್ಸು ಸಿಗಲಿಲ್ಲ" ಎಂದು ತಾಯಿ ಓಡೋಡಿ ಬಂದು ನಿಂತಾಗ ಯಾರೂ ಗಡಿಯಾರ ತೋರಿಸಲಾರರು, ತೋರಿಸಲೂಬಾರದು. ಆದರೆ ದಿನಕ್ಕೆ ಹದಿನೈದು ನಿಮಿಷ ಎಂದರೆ 22 ದಿನದ ತಿಂಗಳಿಗೆ ಐದೂವರೆ ಗಂಟೆಯಾಗುತ್ತದೆ. ಒಬ್ಬರಿಗೆ ದೊರೆತ ರಿಯಾಯಿತಿ ವಾರದೊಳಗೆ ಎಲ್ಲರ ವೇಳೆಯಾಗುತ್ತದೆ. ಅಪರೂಪದ ವಿಳಂಬಕ್ಕೂ ನಿತ್ಯದ ವಿಳಂಬಕ್ಕೂ ಇರುವ ವ್ಯತ್ಯಾಸವನ್ನು ಬರವಣಿಗೆಯಲ್ಲಿ ಮೊದಲೇ ತಿಳಿಸಿದರೆ ಮುಂದೆ ಮನಸ್ತಾಪಕ್ಕೆ ಎಡೆಯಿರುವುದಿಲ್ಲ. ಒಪ್ಪಂದದ ಹಾಳೆಯಲ್ಲಿ ಈ ಕೆಳಗಿನಂತೆ ಬರೆಯಬಹುದು:

"ಮಗುವನ್ನು ಬೆಳಿಗ್ಗೆ 8.15ಕ್ಕೆ ಮೊದಲು ಸ್ವೀಕರಿಸಲಾಗುವುದಿಲ್ಲ. ಕೇಂದ್ರವು ಸಂಜೆ 6.15ಕ್ಕೆ ಮುಚ್ಚುತ್ತದೆ, ಪೋಷಕರು 6.05ರೊಳಗೆ ಬರುವುದು. ತಿಂಗಳಿಗೆ ಎರಡು ಬಾರಿ ಮೊದಲೇ ದೂರವಾಣಿ ಮಾಡಿ ತಿಳಿಸಿದಲ್ಲಿ ಅರ್ಧ ಗಂಟೆಯ ವಿಳಂಬಕ್ಕೆ ಶುಲ್ಕವಿಲ್ಲ. ಅದಕ್ಕೆ ಮೀರಿದ ವಿಳಂಬಕ್ಕೆ ಪ್ರತಿ ಅರ್ಧ ಗಂಟೆಗೆ ಹೆಚ್ಚುವರಿ ಶುಲ್ಕವನ್ನು ಅದೇ ತಿಂಗಳ ಲೆಕ್ಕದಲ್ಲಿ ಸೇರಿಸಲಾಗುವುದು. ಮೂರು ತಿಂಗಳು ಸತತವಾಗಿ ವಿಳಂಬವಾದಲ್ಲಿ ಮಗುವಿನ ವೇಳೆಯನ್ನು ಮರುಪರಿಶೀಲಿಸಲಾಗುವುದು."

ಇಲ್ಲಿ 6.05 ಎಂಬ ಹತ್ತು ನಿಮಿಷದ ಅಂತರ ಉದ್ದೇಶಪೂರ್ವಕವಾದುದು. ಮಗು ಏನು ತಿಂದಿತು, ಎಷ್ಟು ಹೊತ್ತು ಮಲಗಿತು, ಮೈ ಬಿಸಿಯಿತ್ತೇ ಎಂದು ತಾಯಿ ಕೇಳುತ್ತಾಳೆ, ಕೇಳಬೇಕಾದದ್ದೂ ಹೌದು. ಆ ಮಾತುಕತೆ ಮುಚ್ಚುವ ವೇಳೆಯ ಒಳಗೆ ನಡೆಯತಕ್ಕದ್ದು. ಹೆಚ್ಚುವರಿ ಶುಲ್ಕವು ಸಹಾಯಕಿಗೆ ಆ ಹೊತ್ತಿಗೆ ಕೊಡಬೇಕಾದ ಕೂಲಿಗಿಂತ ಕಡಿಮೆಯಿರಬಾರದು. ತೀರಾ ಅಲ್ಪವಾದ ಮೊತ್ತವಿಟ್ಟರೆ, ಹಣ ಕೊಟ್ಟ ಮೇಲೆ ತಡವಾಗಬಹುದು ಎಂದು ಪೋಷಕರು ಭಾವಿಸುವ ಸಂಭವವಿದೆ. ಪೋಷಕರು ಬಾರದೆ, ಪಟ್ಟಿಯಲ್ಲಿರುವ ಯಾರೂ ದೂರವಾಣಿಗೆ ಸಿಗದೆ ಹೊತ್ತು ಮೀರಿದಲ್ಲಿ ಮಗುವನ್ನು ಒಂಟಿಯಾಗಿ ಬಿಡದೆ 112 ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬೇಕು.

ರಜೆ, ಕಾಯಿಲೆ ಮತ್ತು ರಾತ್ರಿ ಪಾಳಿ

ವರ್ಷದ ರಜೆಗಳ ಪಟ್ಟಿಯನ್ನು ಜನವರಿಯಲ್ಲಿಯೇ ಪೋಷಕರಿಗೆ ಕೊಡುವುದು ಉತ್ತಮ. ಯುಗಾದಿ, ಗೌರಿ-ಗಣೇಶ, ದಸರಾ, ದೀಪಾವಳಿ, ರಂಜಾನ್, ಕ್ರಿಸ್‌ಮಸ್ ಹಬ್ಬಗಳಲ್ಲಿ ಶಿಶುಪಾಲಕಿಯ ಮನೆಯಲ್ಲಿ ಯಾವುದು ಆಚರಣೆಯಲ್ಲಿದೆಯೋ ಅದನ್ನೂ, ರಾಷ್ಟ್ರೀಯ ಹಬ್ಬಗಳನ್ನೂ, ನವೆಂಬರ್ 1ರ ರಾಜ್ಯೋತ್ಸವವನ್ನೂ ನಮೂದಿಸಬೇಕು. ಖಾಸಗಿ ಕಂಪನಿಗಳ ರಜೆ ಸರ್ಕಾರಿ ರಜೆಗೆ ಹೊಂದುವುದಿಲ್ಲವಾದ್ದರಿಂದ ಪೋಷಕರಿಗೆ ಬೇರೆ ವ್ಯವಸ್ಥೆ ಮಾಡಿಕೊಳ್ಳಲು ಕಾಲಾವಕಾಶ ಬೇಕಾಗುತ್ತದೆ. ರಜೆಯ ದಿನಗಳಿಗೆ ಶುಲ್ಕ ಕಡಿತವಾಗುವುದೇ ಇಲ್ಲವೇ ಎಂಬುದನ್ನೂ ಅದೇ ಹಾಳೆಯಲ್ಲಿ ತಿಳಿಸತಕ್ಕದ್ದು. ದಸರಾ ರಜೆಯಲ್ಲಿ ಶಿಶುಪಾಲಕಿಯ ಸ್ವಂತ ಮಕ್ಕಳೂ ಮನೆಯಲ್ಲಿರುತ್ತಾರೆ. ಆ ದಿನಗಳಲ್ಲಿ ಶಾಲಾ ವಯಸ್ಸಿನ ಹೊರಗಿನ ಮಕ್ಕಳನ್ನು ಇಡೀ ದಿನಕ್ಕೆ ಒಪ್ಪಿಕೊಳ್ಳುವ ಮುನ್ನ ಯೋಚಿಸಬೇಕು.

ಶಿಶುಪಾಲಕಿಗೇ ಜ್ವರ ಬಂದರೆ ಕೇಂದ್ರವನ್ನು ಮುಚ್ಚಬೇಕೆಂಬುದರಲ್ಲಿ ಎರಡು ಮಾತಿಲ್ಲ. ಹತ್ತಿರದಲ್ಲಿ ಇದೇ ಕೆಲಸ ಮಾಡುವ ಮತ್ತೊಬ್ಬರಿದ್ದರೆ, ಪೋಷಕರ ಒಪ್ಪಿಗೆ ಪಡೆದು ಒಬ್ಬರ ಅನಾರೋಗ್ಯದ ದಿನ ಇನ್ನೊಬ್ಬರು ಒಂದೆರಡು ಮಕ್ಕಳನ್ನು ನೋಡಿಕೊಳ್ಳುವ ಹೊಂದಾಣಿಕೆ ಇಬ್ಬರಿಗೂ ಅನುಕೂಲ.

ರಾತ್ರಿ ಪಾಳಿಯ ಪೋಷಕರ ಮಕ್ಕಳನ್ನು ಇರಿಸಿಕೊಳ್ಳುವಂತೆ ಕೋರಿಕೆಗಳು ಬರಬಹುದು. ಹಗಲು ಕೇಂದ್ರ ನಡೆಸುವವರು ಅದೇ ದಿನದ ರಾತ್ರಿಯನ್ನೂ ಒಪ್ಪಿಕೊಳ್ಳತಕ್ಕದ್ದಲ್ಲ. ಯಾವ ಶುಲ್ಕವೂ ಇದಕ್ಕೆ ಸರಿದೂಗುವುದಿಲ್ಲ.

ಈಗಾಗಲೇ ಕೇಂದ್ರ ನಡೆಸುತ್ತಿರುವವರಿಗೆ

ಹಲವು ವರ್ಷಗಳಿಂದ ದೀರ್ಘ ವೇಳೆ ದುಡಿಯುತ್ತಿರುವವರು ಒಂದೇ ಸಲಕ್ಕೆ ವೇಳೆ ಕಡಿತಗೊಳಿಸಿದರೆ ತಾಯಂದಿರ ಉದ್ಯೋಗಕ್ಕೆ ಕುತ್ತು ಬರಬಹುದು. ಮೊದಲು ಎರಡು ವಾರ ಒಂದು ನೋಟ್ ಪುಸ್ತಕದಲ್ಲಿ ಪ್ರತಿ ಮಗು ಬಂದ ಮತ್ತು ಹೋದ ವೇಳೆಯನ್ನು ಬರೆದಿಡಬೇಕು. ಎಷ್ಟೋ ವೇಳೆ ಕೇಂದ್ರವು ಬೆಳಿಗ್ಗೆ ಒಂದು ಗಂಟೆ ಬೇಗ ತೆರೆಯುವುದು ಒಂದೇ ಮಗುವಿಗಾಗಿ, ಸಂಜೆ ಒಂದು ಗಂಟೆ ತಡವಾಗಿ ಮುಚ್ಚುವುದು ಮತ್ತೊಂದೇ ಮಗುವಿಗಾಗಿ ಎಂಬುದು ಇದರಿಂದ ಗೋಚರಿಸುತ್ತದೆ. ಆ ಎರಡು ಕುಟುಂಬಗಳೊಂದಿಗೆ ಮಾತ್ರ ಪ್ರತ್ಯೇಕವಾಗಿ ಮಾತನಾಡಿ, ಕನಿಷ್ಠ ಒಂದು ತಿಂಗಳ ಮುನ್ಸೂಚನೆ ನೀಡಿ ಬದಲಾಯಿಸಬಹುದು. ಹೊಸದಾಗಿ ಸೇರುವ ಮಕ್ಕಳಿಗೆ ಹೊಸ ವೇಳೆಯನ್ನು ಮೊದಲ ದಿನದಿಂದಲೇ ಅನ್ವಯಿಸತಕ್ಕದ್ದು. ಇದೇ ಪುಸ್ತಕವು ಸಾಲದ ಅರ್ಜಿಯೊಂದಿಗೆ ಆದಾಯ ತೋರಿಸುವಾಗಲೂ ಉಪಯೋಗಕ್ಕೆ ಬರುತ್ತದೆ.

ಅಸಂಘಟಿತ ವಲಯದ ಸ್ವಂತ ಉದ್ಯೋಗಿಗಳಾದ ಶಿಶುಪಾಲಕಿಯರು ಮತ್ತು ಅವರ ಸಹಾಯಕಿಯರು, 16ರಿಂದ 59 ವರ್ಷದೊಳಗಿನವರಾಗಿದ್ದು ಭವಿಷ್ಯ ನಿಧಿ ಅಥವಾ ಇ.ಎಸ್.ಐ. ಸದಸ್ಯರಾಗಿರದಿದ್ದಲ್ಲಿ, 2021ರಲ್ಲಿ ಆರಂಭವಾದ ಇ-ಶ್ರಮ್ ಜಾಲತಾಣದಲ್ಲಿ ಉಚಿತವಾಗಿ ನೋಂದಾಯಿಸಿಕೊಳ್ಳಬಹುದು. ಉದ್ಯಮ್ ನೋಂದಣಿಗೂ ಶುಲ್ಕವಿಲ್ಲ. ಮಧ್ಯವರ್ತಿಗಳಿಗೆ ಹಣ ನೀಡಬಾರದು. ಪಾಲ್ನಾ ಕೇಂದ್ರಗಳ ಕುರಿತು ಮಾಹಿತಿ ಬಯಸುವವರು ಕಚೇರಿ ವೇಳೆಯಲ್ಲಿ ತಮ್ಮ ವ್ಯಾಪ್ತಿಯ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಚೇರಿಯನ್ನು ಸಂಪರ್ಕಿಸಬಹುದಾಗಿದೆ.